ಮ್ಯೂಸಿಯಂ ಮಗ್ಗಕ್ಕೂ ತೇವ ಬೇಕು ಸ್ವಾಮಿ

ಹಳೇ ಹತ್ತಿ ಗಿರಣಿಯನ್ನು ಹಾಗೇ ಉಳಿಸಿ ಮ್ಯೂಸಿಯಂ ಮಾಡಿದ ಜಾಗದಲ್ಲಿ ನನ್ನ ಕೆಲಸ. ಜನ ಬಂದಾಗ ಲ್ಯಾಂಕಶೈರ್ ಮಗ್ಗ (ಇಂಗ್ಲೆಂಡಿನ ಹಳೇ ಯಂತ್ರಮಗ್ಗ) ಓಡಿಸಿ ತೋರಿಸುವುದು, ಮಿಕ್ಕ ಹೊತ್ತು ಅದರ ರಿಪೇರಿ. ನಿಂತ ಮಗ್ಗದ ಮುಂದೆ ಯಾರೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅಮೆರಿಕದ ಲೋವೆಲ್‌ನ ಬೂಟ್ ಮಿಲ್ ಮ್ಯೂಸಿಯಂನಲ್ಲಿ ನೇಯ್ಗೆ ಹಾಲ್‌ಗೆ ಹೋಗುವವರಿಗೆ ಕಿವಿಗೆ ಪ್ಲಗ್ ಕೊಡುತ್ತಾರೆ. ಅಷ್ಟು ಸದ್ದು. ಜನ ಬರುವುದೂ ಆ ಸದ್ದಿಗೇ ಅಲ್ವಾ?

ಅವತ್ತು ಬೆಳಿಗ್ಗೆಯಿಂದ ಹಾಸಿನ ಎಳೆಗಳು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲುಗಳು, ಪಟಪಟ ಕಿತ್ತುಹೋಗುತ್ತಿದ್ದವು. ನೂಲಿಗೆ ಬೈದೆ, ಅದಕ್ಕೆ ಹಚ್ಚಿದ ಗಂಜಿ ಸರಿ ಇಲ್ಲ ಎಂದೆ, ಕೊನೆಗೆ ಹಾಸಿನ ಬಿಗಿ ಸ್ವಲ್ಪ ಸಡಿಲ ಮಾಡಿದೆ. ಹೊರಗೆ ಶಾಲೆ ಮಕ್ಕಳ ಗುಂಪು ಕಾಯುತ್ತಿತ್ತು. ವಾಕಿಟಾಕಿಯಲ್ಲಿ ಆಫೀಸಿನವರದು ಒಂದೇ ರಾಗ, "ಶುರು ಮಾಡ್ರೀ, ಶುರು ಮಾಡ್ರೀ". ಮಾಡಿದೆ.

ಸಡಿಲ ಬಿಟ್ಟರೆ ಎಳೆಗಳು ಪೂರ್ತಿ ಮೇಲೇಳುವುದಿಲ್ಲ, ಅಡ್ಡ ನೂಲು ಹೊತ್ತು ಓಡುವ ಲಾಳಿಯ ದಾರಿಗೇ ಜೋತುಬೀಳುತ್ತವೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಹೊಕ್ಕು, ಅಂದರೆ ಆ ಅಡ್ಡ ನೂಲು, ಕಿತ್ತರೆ ಈ ಮಗ್ಗ ತಾನೇ ನಿಲ್ಲುತ್ತದೆ, ಹಾಸು ಕಿತ್ತರೆ ನಿಲ್ಲುವುದಿಲ್ಲ, ಅದನ್ನು ನಾವೇ ಕಣ್ಣಿಟ್ಟು ಕಾಯಬೇಕು. ನಾನು ಮಕ್ಕಳ ಕಡೆ ತಿರುಗಿ ಯಂತ್ರಮಗ್ಗಕ್ಕೆ 1785ರಲ್ಲಿ ಕಾರ್ಟ್‌ರೈಟ್ ಪಡೆದ ಪೇಟೆಂಟಿನ ಕಥೆ ಕೂಗಿ ಕೂಗಿ ಹೇಳುತ್ತಿದ್ದೆ. ಟಕ್ ಟಕ್ ತಾಳ ತಪ್ಪಿದ್ದು ಕಿವಿಗೆ ಬಿತ್ತು. ಹ್ಯಾಂಡಲ್‌ಗೆ ಕೈ ಹಾಕುವಷ್ಟರಲ್ಲಿ ಲಾಳಿ ಹಾರಿತು. ಉಕ್ಕಿನ ಮೊನೆಯ ಲಾಳಿ ಅದು. ಗಾರ್ಡ್ ಕಂಬಿಗೆ ಫಟ್ ಅಂತ ಬಡಿದು ನನ್ನ ಕಾಲ ಬಳಿ ಬಿತ್ತು. ಮಕ್ಕಳು ನಿಂತಿದ್ದು ಆ ಕಂಬಿಯಿಂದ ಬಹಳ ದೂರವೇನಲ್ಲ. ಮಗ್ಗ ನಿಲ್ಲಿಸಿ ನೋಡುತ್ತೇನೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದಾರೆ! ಇದೂ ಶೋದಲ್ಲಿ ಸೇರಿದ್ದು ಅಂದುಕೊಂಡಿದ್ದರು.

ಆಮೇಲೆ ತಿಳಿಯಿತು, ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದು ಅಂತ ಹಾಲ್‌ಗೆ ಗಾಳಿಯ ತೇವ ಹೀರುವ ಹೊಸ ಡಿಹ್ಯುಮಿಡಿಫೈಯರ್ ಹಾಕಿದ್ದಾರೆ. ನನಗೆ ಒಂದು ಮಾತೂ ಹೇಳಿಲ್ಲ. ಒಣಗಾಳಿಯಲ್ಲಿ ಹತ್ತಿ ನೂಲು ಬಲ ಕಳೆದುಕೊಳ್ಳುತ್ತದೆ. ಲ್ಯಾಂಕಶೈರ್ ಮಿಲ್ಲುಗಳಲ್ಲಿ ಇದಕ್ಕೇ ನೇಯ್ಗೆ ಶೆಡ್ಡಿಗೆ ಹಬೆ ಬಿಡುತ್ತಿದ್ದರು. ಆ ಒದ್ದೆ ಬಿಸಿಯಲ್ಲಿ ಕೆಲಸಗಾರರು ಬೇಯುತ್ತಿದ್ದರು, ಗಲಾಟೆಯಾಗಿ 1889ರಲ್ಲಿ ತೇವಕ್ಕೆ ಮಿತಿ ಹಾಕುವ ಕಾನೂನೇ ಬಂತು. ಈ ಕಥೆಯ ಬೋರ್ಡು ನಮ್ಮ ಹಾಲ್‌ನಲ್ಲೇ ತೂಗುತ್ತಿದೆ. ಮೆಷಿನ್ ಆರ್ಡರ್ ಮಾಡಿದವರು ದಿನಾ ಅದರ ಮುಂದೆಯೇ ಓಡಾಡುತ್ತಾರೆ.

ಮೀಟಿಂಗ್ ಆಯಿತು. ಸಂರಕ್ಷಣೆಯವರ ಮಾತೂ ಸುಳ್ಳಲ್ಲ, ಮಗ್ಗ ತುಕ್ಕು ಹಿಡಿದರೆ ತೋರಿಸಲು ಏನಿರುತ್ತದೆ? ಆದರೆ ಓಡುವ ಮಗ್ಗ, ನಿಂತ ಮಗ್ಗ ಎರಡನ್ನೂ ಒಂದೇ ಗಾಳಿಯಲ್ಲಿ ಇಡೋಕಾಗಲ್ಲ ಅಂತ ನಾನೂ ಪಟ್ಟು ಹಿಡಿದೆ. ಗಾಜಿನ ಗೋಡೆ ಹಾಕಿ ಓಡುವುದನ್ನು ಬೇರೆ ಮಾಡೋಣ ಎಂದರು. ಬಜೆಟ್ ಬರಬೇಕಂತೆ. ಅಲ್ಲಿಯವರೆಗೆ ತೇವದ ಮೀಟರ್ ನೋಡದೆ ನಾನು ಮಗ್ಗ ಓಡಿಸುವ ಬೆಲ್ಟ್ ಹಾಕುವುದಿಲ್ಲ, ವಾಕಿಟಾಕಿ ಎಷ್ಟು ಬೇಕಾದರೂ ಕಿರುಚಲಿ.