ಗೌಡರು ಕೇಳಿದ್ದು

5 ಜುಲೈ 2025, ಶನಿವಾರ
ಕುವೆಂಪುನಗರ, ಮೈಸೂರು

ನಿನ್ನೆ ಎರಡನೇ ಆಷಾಢ ಶುಕ್ರವಾರ. ಮಧ್ಯಾಹ್ನ ಗೌಡರು ಫೋನ್ ಮಾಡಿದರು. "ಅವ್ವನ್ನ ಬೆಟ್ಟಕ್ಕೆ ಕರ್ಕೊಂಡ್ ಬಂದಿವ್ನಿ ಕಣಮ್ಮ. ಲಲಿತಮಹಲ್ ಮೈದಾನದಲ್ಲಿ ಕಾರ್ ನಿಲ್ಸಿ ಬಸ್ ಹತ್ಸಿವ್ನಿ, ಚಿಕ್ಕವ್ವ ಜೊತೆಗವ್ಳೆ. ಇಳಿಯೋ ಹೊತ್ಗೆ ಸಂಜೆ ಆಯ್ತದೆ. ಕಾಫಿಗೆ ಬತ್ತೀಯಾ?"

ಶುಕ್ರವಾರ ನನಗೆ ಮನೆಯಿಂದಲೇ ಕೆಲಸ. ಕ್ಯಾಲೆಂಡರಿನಲ್ಲಿ 'ಡಾಕ್ಟರ್' ಅಂತ ಹಾಕಿ ಹೊರಟೆ.

ಗೌಡರು ಗೊತ್ತಲ್ಲ, ಬೆಂಗಳೂರಿಗೆ ಹೋಗೋ ಚಾಮುಂಡಿ ಎಕ್ಸ್‌ಪ್ರೆಸ್ ರೈಲಿನ ಗೌಡರು. ನಾನು ಮೈಸೂರಲ್ಲಿ ಹತ್ತಿ, ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು, ಪಾಂಡವಪುರದಲ್ಲಿ ಹತ್ತಿದವರ ಹತ್ತಿರವೆಲ್ಲ ಬೈಸಿಕೊಂಡು, ಮಂಡ್ಯದವರೆಗೆ ಅವರಿಗೆ ಜಾಗ ಕಾಯುತ್ತಿದ್ದೆ. ಒಂದೇ ಟೀಮು. ಮಾರ್ಚಿನಲ್ಲಿ ನಮ್ಮಲ್ಲಿ ಜನ ತೆಗೆದಾಗ ಪಟ್ಟಿಯಲ್ಲಿ ಅವರೂ ಇದ್ದರು. ರಾತ್ರಿ ಮೇಲ್ ಬಂದಿತ್ತಂತೆ, ನೋಡಿರಲಿಲ್ಲ. ಬೆಳಿಗ್ಗೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆಗೆದರೆ ಪಾಸ್‌ವರ್ಡ್ ತಗೊಳ್ಳಲಿಲ್ಲ. ರೈಲು ಬಂತು. ನಾನು ಕಿಟಕಿಯಿಂದ ಕೈ ಆಡಿಸಿದೆ. ಅವರು ತಲೆ ಎತ್ತಿ ನೋಡಿದರು, ಹತ್ತಲಿಲ್ಲ.

ದುಡ್ಡಿನ ವಿಷಯದಲ್ಲಿ ಕಂಪನಿ ಕೈ ಬಿಗಿ ಮಾಡಲಿಲ್ಲ, ಅದನ್ನೂ ಹೇಳಬೇಕು. ಕೆಲವು ತಿಂಗಳ ಸಂಬಳ, ಗ್ರಾಚುಯಿಟಿ, ಉಳಿದ ರಜೆ ಎಲ್ಲ ಲೆಕ್ಕ ಹಾಕಿ ಕೊಟ್ಟರು. ನಾನು ಬಿಡಬೇಕಾದರೆ 90 ದಿನ ಮುಂಚೆ ಹೇಳಬೇಕು. ಅವರು ಬಿಡಿಸಬೇಕಾದರೆ 90 ದಿನದ ದುಡ್ಡು ಎಣಿಸಿದರೆ ಸಾಕು. ಕಾಗದದ ಮೇಲೆ ಎರಡೂ ಒಂದೇ.

ನಿನ್ನೆ ಹೋಟೆಲಿನಲ್ಲಿ, ಇಂಟರ್‌ವ್ಯೂ ಏನಾಯಿತು ಅಂತ ಕೇಳೋದೋ ಬೇಡವೋ ಅಂತ ನಾನು ವಡೆ ಮುರಿಯುತ್ತಾ ಕೂತಿದ್ದೆ. ಅವರೇ ಕೇಳಿದರು.

"ನಿಮ್ಮಪ್ಪಾರ್ ಪಾಲಿಸಿ ಬೇರೆ ಮಾಡ್ಸಿದ್ಯಾ?"

ಯಾವ ಪಾಲಿಸಿ ಅಂದೆ.

"ಕಂಪ್ನಿದು ಬುಡು, ಅದಲ್ಲ. ನಿಂದೇ ಅಂತ ಒಂದು. ಮಾಡ್ಸಿಲ್ವಾ? ನೋಡಮ್ಮ, ಕೆಲ್ಸ ಇನ್ನೊಂದ್ ಸಿಕ್ತದೆ. ಸಂಬ್ಳ ಕಮ್ಮಿ ಆದ್ರೂ ಸಿಕ್ತದೆ. ಅವ್ವಂಗೆ ಶುಗರು, ಬಿಪಿ ಎರಡೂ ಅವೆ ಅಂದ್ರೆ ಪಾಲಿಸಿ ಕೊಡೋರೇ ಇಲ್ಲ. ಒಬ್ಬ ಒಪ್ದ. ಮೂರ್ ವರ್ಸ ಹಳೇ ಕಾಯ್ಲೆಗೆ ಒಂದ್ ರೂಪಾಯಿನೂ ಬರಕಿಲ್ಲ ಅಂದ. ಅದ್ಕೇ ಇವತ್ತು ಬೆಟ್ಟ ಹತ್ತವ್ಳೆ. ಮೂರ್ ವರ್ಸ ಏನೂ ಆಗ್ದಂಗೆ ನೋಡ್ಕೊ ತಾಯಿ ಅನ್ನಕೆ."

ಹೇಳಿ ಅವರೇ ಜೋರಾಗಿ ನಕ್ಕರು. ನಾನೂ ನಕ್ಕೆ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ತಿಂದೆವು.

ವಿಷಯ ಏನೆಂದರೆ, ದೊಡ್ಡ ಕಂಪನಿಗಳು ನೌಕರರಿಗೆಲ್ಲ ಒಟ್ಟಾಗಿ ಮಾಡಿಸುವ ಗುಂಪು ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಅಪ್ಪ-ಅಮ್ಮನ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ದುಡ್ಡು ಬರುತ್ತದೆ. ಸ್ವಂತ ಪಾಲಿಸಿ ಹೊಸದಾಗಿ ಮಾಡಿಸಿದರೆ ಮೂರು ವರ್ಷದವರೆಗೆ ಕಾಯಿಸಬಹುದು. ಮೊದಲು ನಾಲ್ಕು ವರ್ಷ ಇತ್ತು, 2024ರಲ್ಲಿ ವಿಮಾ ಪ್ರಾಧಿಕಾರದವರು ಮೂರಕ್ಕೆ ಇಳಿಸಿದರು. ಕೆಲಸ ಬಿಟ್ಟರೆ ಗುಂಪಿನಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಗಲು ದಾರಿ ಇದೆ, ಕಳೆದ ವರ್ಷಗಳು ಲೆಕ್ಕಕ್ಕೆ ಹಿಡಿಯುತ್ತವೆ. ಆದರೆ ಕವರ್ ಮುಗಿಯುವ ಮುಂಚೆ ಅರ್ಜಿ ಹಾಕಬೇಕು. ಗೌಡರ ಪಾಲಿಸಿ ನಂಬರು, ಅವ್ವನ ಕಾರ್ಡು, ಯಾರಿಗೆ ಫೋನ್ ಮಾಡಬೇಕು ಅನ್ನೋದು, ಎಲ್ಲ ಇದ್ದದ್ದು ಕಂಪನಿಯ ಪೋರ್ಟಲ್‌ನಲ್ಲಿ. ಪೋರ್ಟಲ್‌ಗೆ ಹೋಗಬೇಕಾದರೆ ಆ ಪಾಸ್‌ವರ್ಡೇ ಬೇಕು.

ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಇದೇ.

ಕಂಪನಿಯವರು ಷೇರು ಕೊಟ್ಟು ಕಟ್ಟಿಹಾಕುತ್ತಾರೆ ಅಂತ ಹೊರಗಿನವರು ಹೇಳುತ್ತಾರೆ. ನಾಲ್ಕು ವರ್ಷಕ್ಕೆ ಹಂಚಿ, ಕಂತು ಕಂತಾಗಿ ಕೈಗೆ ಕೊಡುತ್ತಾರಲ್ಲ, ಅದು. ನಿಜ ಹೇಳಬೇಕೆಂದರೆ ಷೇರು ನನ್ನನ್ನು ಅಷ್ಟೇನೂ ಹಿಡಿದಿಲ್ಲ. ಕೈಗೆ ಬಂದ ದಿನದ ಬೆಲೆ ಸಂಬಳ ಅಂತಲೇ ಲೆಕ್ಕ, ತೆರಿಗೆಗೆ ಅಂತ ಅವತ್ತೇ ಒಂದಷ್ಟು ಮಾರಿ ಹಾಕಿರುತ್ತಾರೆ. ಹೊರದೇಶದ ಷೇರು ಆದ್ದರಿಂದ ಉಳಿದದ್ದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಬೇಕು. ಇವತ್ತು ಅದಕ್ಕೇ ಕೂತಿದ್ದೆ. ಸಂಬಳ ಏಪ್ರಿಲ್‌ನಿಂದ ಮಾರ್ಚ್, ಆ ಷೇರಿನ ಪಟ್ಟಿ ಮಾತ್ರ ಜನವರಿಯಿಂದ ಡಿಸೆಂಬರ್. ಒಂದೇ ಫಾರಂನಲ್ಲಿ ಎರಡು ಬಗೆಯ ವರ್ಷ! ಸೆಪ್ಟೆಂಬರ್ 15ರವರೆಗೆ ಗಡುವು ಮುಂದಕ್ಕೆ ಹಾಕಿದ್ದಾರೆ, ಅದಕ್ಕೇ ಮುಚ್ಚಿಟ್ಟೆ.

ನನ್ನನ್ನು ಹಿಡಿದಿರುವುದು ಅಪ್ಪನ ಸ್ಟೆಂಟ್.

ಅವತ್ತು ಡಿಸ್ಚಾರ್ಜ್ ಕೌಂಟರ್‌ನಲ್ಲಿ ನಿಂತಿದ್ದು ನೆನಪಿದೆ. ಪಕ್ಕದಲ್ಲಿ ಒಬ್ಬರು ಹೆಂಡತಿಯ ಬಳೆ ಬಿಚ್ಚಿಸಿ ಕರ್ಚೀಫಿನಲ್ಲಿ ಕಟ್ಟುತ್ತಿದ್ದರು. ನಾನು ಎರಡು ಕಡೆ ಸಹಿ ಮಾಡಿದೆ. ಗ್ಲೌಸು, ಡೈಪರು, ಅಂಥ ವಿಮೆಗೆ ಬರದ ಸಣ್ಣಪುಟ್ಟ ಸಾಮಾನಿಗೆ ಮಾತ್ರ ದುಡ್ಡು ಕೊಟ್ಟೆ. ಆಟೋದಲ್ಲಿ ಅಪ್ಪ "ಎಷ್ಟಾಯ್ತು?" ಅಂತ ಕೇಳುತ್ತಲೇ ಇದ್ದರು, ನಂಬಲಿಲ್ಲ. ಆಮೇಲೆ ಬೀದಿಗೆಲ್ಲ ಹೇಳಿಕೊಂಡು ಬಂದರು, ಮಗಳ ಕಂಪನಿ ಕಟ್ಟಿತು ಅಂತ. ಈಗಲೂ ಕಂಪನಿ ಬಗ್ಗೆ ನಾನೇನಾದರೂ ಬೈದರೆ ಅವರಿಗೆ ಆಗಿಬರಲ್ಲ.

ಆ ಹೆಮ್ಮೆ ನನಗೂ ಇತ್ತು. ಇದೆ. ಎರಡು ವರ್ಷ ಕೆಲಸ ಮಾಡಿದ ಪ್ರಾಡಕ್ಟನ್ನು ಮೂರು ಸಾಲಿನ ಮೇಲ್‌ನಲ್ಲಿ ನಿಲ್ಲಿಸಿದಾಗ ಕೋಪ ಬಂತು. ವರ್ಷದ ಕೊನೆಯಲ್ಲಿ ಟೀಮಿನಲ್ಲಿ ಯಾರನ್ನಾದರೂ ಒಬ್ಬರನ್ನು ಕೆಳಗಿನ ರೇಟಿಂಗ್‌ಗೆ ತಳ್ಳಲೇಬೇಕು ಅಂದಾಗ, ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ ವರ್ಷವೂ, ಕೋಪ ಬಂತು. ಆದರೆ ಆನ್‌ಕಾಲ್ ಇದ್ದಾಗ, ಅಂದರೆ ಕರೆ ಬಂದರೆ ಎದ್ದು ಸರಿಪಡಿಸುವ ಸರದಿ ಇದ್ದಾಗ, ರಾತ್ರಿ ಎರಡು ಗಂಟೆಗೆ ಸಿಸ್ಟಮ್‌ನಲ್ಲಿ ಏನೋ ಕೆಟ್ಟು, ನಾನು ಇಲ್ಲಿ ಅಡುಗೆಮನೆ ಕಟ್ಟೆಯ ಮೇಲೆ, ಗೌಡರು ಮಂಡ್ಯದಲ್ಲಿ, ಇನ್ನಿಬ್ಬರು ಪೋಲೆಂಡಿನಲ್ಲಿ, ಲಾಗ್ ಓದಿ ಓದಿ ಕೊನೆಗೆ ಕಾರಣವಾದ ಒಂದು ಟೈಮ್‌ಔಟ್ ಹಿಡಿದು, ತಪ್ಪುಗಳ ಗ್ರಾಫ್ ಕೆಳಗೆ ಇಳಿಯೋದನ್ನು ಎಲ್ಲರೂ ಮಾತಿಲ್ಲದೆ ನೋಡುತ್ತಾ ಕೂತಿದ್ದೆವಲ್ಲ, ಆ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಗೌಡರು ಆಗ "ಇಳೀತು ಕಣ್ರಲಾ" ಅಂತ ಕೂಗಿದ್ದು ಪೋಲೆಂಡಿನವರಿಗೂ ಅರ್ಥ ಆಯಿತು. ಪಟ್ಟಿ ಮಾಡಿದವರ ಹತ್ತಿರ ಆ ರಾತ್ರಿಯ ಲೆಕ್ಕ ಇತ್ತಾ?

ಬುಧವಾರ ಮೈಕ್ರೋಸಾಫ್ಟ್ ಸುಮಾರು 9,000 ಜನರನ್ನು ತೆಗೆಯುವುದಾಗಿ ಹೇಳಿತು. ನಾನು ಅಲ್ಲಿಯವಳಲ್ಲ. ಆದರೂ ಅಪ್ಪ ಪೇಪರ್ ಮಡಿಸಿ ಆ ಸುದ್ದಿ ಕಾಣುವ ಹಾಗೆ ಟೇಬಲ್ ಮೇಲಿಟ್ಟಿದ್ದರು. ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಮ್ಯಾನೇಜರ್‌ನಿಂದ 'ಎರಡು ನಿಮಿಷ ಫ್ರೀ ಇದ್ದೀರಾ?' ಅಂತ ಮೆಸೇಜ್ ಬಂದರೆ ಈಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಇಷ್ಟಕ್ಕೂ ಗುರುವಾರ ಅವರು ಕೇಳಿದ್ದು, ಮೈಸೂರ್ ಪಾಕ್ ಎಲ್ಲಿ ತರಿಸಲಿ ಅಂತ.

ಗೌಡರು ಕೊನೆಗೆ ಕೆಲಸದ ಮಾತು ಎತ್ತಲೇ ಇಲ್ಲ. ಕನ್ನಂಬಾಡಿ ಕಟ್ಟೆ ಜೂನ್‌ನಲ್ಲೇ ತುಂಬಿರುವ ಖುಷಿ. ಕಟ್ಟೆ ಕಟ್ಟಿದಾಗಿಂದ ಇದೇ ಮೊದಲು, ಸೋಮವಾರ ಮುಖ್ಯಮಂತ್ರಿ ಬಾಗಿನ ಕೊಟ್ಟರು, 124.80 ಅಡಿ, ಅಂತ ತಾವೇ ಅಳೆದು ಬಂದವರ ಹಾಗೆ ಹೇಳಿದರು. ಈ ಸಲ ಭತ್ತ ಹಾಕಿಸ್ತಾರಂತೆ, ಗುತ್ತಿಗೆಗೆ ಕೊಡಲ್ಲವಂತೆ. "ಊರಲ್ಲಿ ಇದೀಯಲ್ಲ, ಕಂಪ್ನಿಯೋರು ಮನೇಲೇ ಕೆಲ್ಸ ಕೊಟ್ಟವ್ರಾ ಅಂತ ಕೇಳ್ತರೆ. ಹೂಂ ಅಂತೀನಿ." ಇದಕ್ಕೆ ನಕ್ಕಿದ್ದು ಅವರೊಬ್ಬರೇ. ಬಿಲ್ ಕೊಡಲು ನನಗೆ ಬಿಡಲಿಲ್ಲ. ಅಷ್ಟು ಹೊತ್ತಿಗೆ ಅವ್ವನ ಫೋನ್ ಬಂತು, ಬಸ್ಸಿಗೆ ಕ್ಯೂ ಇದೆ ಅಂತ.

ಪೋರ್ಟಲ್‌ನಿಂದ ಅಪ್ಪ-ಅಮ್ಮನ ಕಾರ್ಡು, ಪಾಲಿಸಿ ನಂಬರು, ಎಲ್ಲ ಇಳಿಸಿ ನನ್ನ ಸ್ವಂತ ಮೇಲ್‌ಗೆ ಹಾಕಿಕೊಂಡೆ. ಪ್ರಿಂಟ್ ಕೂಡ ತೆಗೆಸಬೇಕು. ಬದಲಾಯಿಸಿಕೊಳ್ಳುವ ವಿವರ ಎಚ್‌ಆರ್‌ಗೆ ಕೇಳೋಣ ಅಂದರೆ, "ಯಾಕೆ, ಬಿಡ್ತಾ ಇದೀರಾ?" ಅಂದುಕೊಂಡರೆ? ಈಗಿನ ಕಾಲದಲ್ಲಿ ಅಂಥ ಪ್ರಶ್ನೆ ಯಾರ ಕಿವಿಗೂ ಬೀಳಬಾರದು. ವಿಮಾ ಕಂಪನಿಗೇ ನೇರ ಫೋನ್ ಮಾಡಬಹುದು, ಅವರೂ ಮೊದಲು ಎಂಪ್ಲಾಯಿ ಐಡಿ ಕೇಳುತ್ತಾರೆ. ಅಪ್ಪನಿಗೆ ಈಗಲೇ ಬೇರೆ ಪಾಲಿಸಿ ಮಾಡಿಸಿ, ಕಂಪನಿಯದು ಇರುವಾಗಲೇ ಆ ಮೂರು ವರ್ಷ ಕಳೆದುಬಿಟ್ಟರೆ ಹೇಗೆ? ಪ್ರೀಮಿಯಂ ಜಾಸ್ತಿ ಆಗುತ್ತೆ. ಆಗಲಿ. ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡ್ತಾರಾ ಅನ್ನೋದೇ ಮೊದಲ ಪ್ರಶ್ನೆ. ಗೌಡರು ಯಾವುದೋ ಏಜೆಂಟ್ ನಂಬರ್ ಕಳಿಸ್ತೀನಿ ಅಂದಿದ್ದರು, ಇನ್ನೂ ಬಂದಿಲ್ಲ.