ವೇಷ ಹಾಕೋದ್ರೊಳಗ ಸತ್ತು ಹೋದ್ರೆ ಏನು ಮಾಡೋದು?

"ಅಣ್ಣಾ, ನಿನ್ನ ವೇಷದವ್ರು ವೇಷ ಹಾಕೋದ್ರೊಳಗ ಸತ್ತೇ ಹೋಗ್ತಾರಲ್ಲ, ಏನ್ ಮಾಡ್ಲಿ?"

ನಾವು ಆಡುವ ವಿಡಿಯೊ ಗೇಮಿನ ಬಗ್ಗೆ ಈ ಪ್ರಶ್ನೆಯನ್ನು ಮೊದಲು ಕೇಳಿದವನು ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದ ನಮ್ಮ ಚಿಕ್ಕಪ್ಪನ ಮಗ. ಆಮೇಲೆ ಬಳ್ಳಾರಿಯ ನಮ್ಮ ಓಣಿ ಹುಡುಗರು ಕೇಳಿದರು. ಜೀನ್ಸ್ ಹೊಲಿಸುವ ಅಂಗಡಿಯಲ್ಲಿ ನನ್ನ ಜೊತೆ ಲೆಕ್ಕ ಬರೆಯುವ ಗೆಳೆಯನೂ ಕೇಳಿದ. ಪ್ರತಿ ಸಲ ಅರ್ಧಂಬರ್ಧ ಹೇಳಿ ಬಿಟ್ಟಿದ್ದೇನೆ. ಇವತ್ತು ಪೂರ್ತಿ ಬರೆಯುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ಟೀಮ್‌ಫೈಟ್ ಟ್ಯಾಕ್ಟಿಕ್ಸ್. ಇಂಥ ಆಟಗಳಿಗೆ ಆಟೋ ಬ್ಯಾಟ್ಲರ್ ಅನ್ನುತ್ತಾರೆ. 2019ರ ಜನವರಿಯಲ್ಲಿ ಡೋಟಾ ಆಟೋ ಚೆಸ್ ಬಂದು ಹುಚ್ಚು ಹಿಡಿಸಿತು. ಅದೇ ವರ್ಷ ಜೂನ್‌ನಲ್ಲಿ ರಯಟ್ ಗೇಮ್ಸ್ ಕಂಪನಿ ಟೀಮ್‌ಫೈಟ್ ಟ್ಯಾಕ್ಟಿಕ್ಸ್ ತಂದಿತು. ಮೊಬೈಲ್‌ಗೆ ಬಂದದ್ದು 2020ರ ಮಾರ್ಚ್‌ನಲ್ಲಿ. ಒಂದು ಆಟದಲ್ಲಿ 8 ಜನ. ಅಂಗಡಿಯಿಂದ ಚಿನ್ನ ಕೊಟ್ಟು ವೀರರನ್ನು ಕೊಂಡು, ಷಟ್ಕೋನದ ಮನೆಗಳಲ್ಲಿ ನಿಲ್ಲಿಸಬೇಕು. ಕಾಳಗ ಶುರುವಾದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಅವರೇ ಹೊಡೆದಾಡುತ್ತಾರೆ, ನಾವು ನೋಡಬೇಕು. ಮೊದಲ ನಾಲ್ವರಲ್ಲಿ ಉಳಿದರೆ ಗೆದ್ದ ಲೆಕ್ಕ.

ಮೊದಲ ಸೀಸನ್‌ನಲ್ಲಿ ಶೇಪ್‌ಶಿಫ್ಟರ್ ಅನ್ನುವ ಒಂದು ವರ್ಗ ಇತ್ತು. ಕಾಳಗದ ನಡುವೆ ರೂಪ ಬದಲಿಸುವವರು. ನಿಡಲೀ, ಎಲೀಸ್, ಜೇಸ್, ಶೈವಾನಾ, ನಾರ್, ಸ್ವೇನ್ ಎಂದು ಆರು ಜನ. ನಮ್ಮ ಕಡೆ ಹಗಲುವೇಷದವರನ್ನು ನೋಡಿ ಬೆಳೆದವರು ನಾವು. ಹಾಗಾಗಿ ಇವರಿಗೆ 'ವೇಷದವರು' ಅಂತಲೇ ಹೆಸರಾಯಿತು. ಈಗಲೂ ನಮ್ಮ ಗುಂಪಿನಲ್ಲಿ ಅದೇ ಹೆಸರು.

ಆದರೆ ಆ ಹೆಸರಿನಲ್ಲೇ ಒಂದು ತಪ್ಪು ಇದೆ. ಅದು ನನಗೆ ಬಹಳ ತಡವಾಗಿ ಹೊಳೆಯಿತು. ಹಗಲುವೇಷದವರು ಬೆಳಿಗ್ಗೆ ಮನೆಯಲ್ಲೇ ಬಣ್ಣ ಹಚ್ಚಿಕೊಂಡು, ರಾಮನೋ ಭೀಮನೋ ಶೂರ್ಪನಖಿಯೋ ಆಗಿಯೇ ಬೀದಿಗೆ ಬರುತ್ತಾರೆ. ನಮ್ಮ ಬಾಗಿಲಿಗೆ ಬರುವಾಗ ವೇಷ ಪೂರ್ತಿ ಆಗಿರುತ್ತದೆ. ಆಟದ ವೇಷದವರಿಗೆ ಆ ಅನುಕೂಲ ಇಲ್ಲ. ಅವರು ಬರಿ ಮೈಯಲ್ಲಿ ಬರುತ್ತಾರೆ. ಎದುರಿನವರ ಏಟು ತಿನ್ನುತ್ತಲೇ ಬಣ್ಣ ಹಚ್ಚಿಕೊಳ್ಳಬೇಕು.

ತಮ್ಮ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ವೇಷ ಬದಲಾದ ಮೇಲೆ ಅವರು ಎಷ್ಟು ಜೋರು ಅನ್ನುವುದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಬದಲಾಗುವ ಮುಂಚಿನ ಸಮಯವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಈ ತಂಡ ಗೆಲ್ಲುವುದೂ ಸೋಲುವುದೂ ಆ ಸಮಯದಲ್ಲೇ.

ಲೆಕ್ಕ ಹಾಕೋಣ. ರೂಪ ಬದಲಾಗಬೇಕಾದರೆ ಮನಾ, ಅಂದರೆ ವೀರ ತನ್ನ ವಿಶೇಷ ಶಕ್ತಿ ಬಳಸಲು ಬೇಕಾದ ಬಲ, ತುಂಬಬೇಕು. ಆಗ ಮನಾ ತುಂಬುತ್ತಿದ್ದದ್ದು ಎರಡು ದಾರಿಯಲ್ಲಿ. ಏಟು ಕೊಟ್ಟಾಗ ಒಂದಿಷ್ಟು, ಏಟು ತಿಂದಾಗ ಒಂದಿಷ್ಟು. ಒಂದು ಏಟಿಗೆ ಸುಮಾರು 10 ಅಂದುಕೊಳ್ಳಿ. 100 ತುಂಬಬೇಕಾದರೆ 10 ಏಟು ಹೊಡೆಯಬೇಕು. ಸೆಕೆಂಡಿಗೆ 0.7 ಏಟು ಹೊಡೆಯುವ ವೀರನಿಗೆ ಅದಕ್ಕೆ 14 ಸೆಕೆಂಡ್ ಬೇಕು. ಈ ಆಟದಲ್ಲಿ 14 ಸೆಕೆಂಡ್ ಅಂದರೆ ಬಹಳ ಆಯಿತು. ಅಷ್ಟರಲ್ಲಿ ಅರ್ಧ ತಂಡ ನೆಲಕ್ಕೆ ಬಿದ್ದಿರುತ್ತದೆ. ಹಾಗಾಗಿ ವೇಷದವರು ಸ್ವಲ್ಪ ಏಟು ತಿನ್ನಲೇಬೇಕು. ತಿಂದರೆ ಬೇಗ ತುಂಬುತ್ತದೆ. ಜಾಸ್ತಿ ತಿಂದರೆ ತುಂಬುವ ಮುಂಚೆಯೇ ಹೋಗುತ್ತಾರೆ. ಈ ಎರಡರ ನಡುವಿನ ಸಣ್ಣ ಜಾಗ ಹುಡುಕುವುದೇ ಈ ತಂಡ ಆಡುವವನ ಕೆಲಸ. ನನಗೆ ಈ ವರ್ಗದ ಮೇಲೆ ಇಷ್ಟು ಪ್ರೀತಿ ಇರುವುದೂ ಅದಕ್ಕೇ.

ನಮ್ಮ ದೊಡ್ಡಪ್ಪ ಸಿರುಗುಪ್ಪದ ಕಡೆ ಹಳ್ಳಿಯಲ್ಲಿ ದೊಡ್ಡಾಟ ಆಡುತ್ತಿದ್ದರು. ದುಶ್ಯಾಸನನ ಪಾತ್ರ. ಕಿರೀಟ, ಭುಜಕೀರ್ತಿ, ಎದೆಹಾರ ಎಲ್ಲ ಕಟ್ಟಿ ಮುಗಿಸುವ ಹೊತ್ತಿಗೆ ಸಾಕಷ್ಟು ಸಮಯ ಹಿಡಿಯುತ್ತಿತ್ತು. ಅಷ್ಟು ಹೊತ್ತು ರಂಗದ ಮೇಲೆ ಜನರನ್ನು ಹಿಡಿದಿಡುತ್ತಿದ್ದವನು ಸಾರಥಿ. ಪಾತ್ರಧಾರಿ ಬಂದಾಗ "ತಾವು ಯಾರು, ಎಲ್ಲಿಂದ ಬಂದಿರಿ" ಅಂತ ಕೇಳುವವನೂ ಅವನೇ. "ಸಾರಥಿ ಚಲೋ ಇದ್ರೆ ನನ್ನ ಪಾತ್ರ ಅರ್ಧ ಗೆದ್ದಂಗ" ಅನ್ನುತ್ತಿದ್ದರು ದೊಡ್ಡಪ್ಪ. ವೇಷದ ತಂಡಕ್ಕೂ ಒಬ್ಬ ಸಾರಥಿ ಬೇಕು. ಮುಂದಿನ ಸಾಲಿನಲ್ಲಿ ಗಟ್ಟಿಯಾಗಿ ನಿಂತು ಮೊದಲ ಹತ್ತು ಸೆಕೆಂಡ್ ಏಟನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುವವನು. ಅವನು ಯಾರನ್ನೂ ಕೊಲ್ಲದಿದ್ದರೂ ನಡೆಯುತ್ತದೆ.

ನಮ್ಮ ತಮ್ಮನ ಬೋರ್ಡ್ ನೋಡಿದಾಗ ಅವನ ಬಳಿ ಸಾರಥಿಯೇ ಇರಲಿಲ್ಲ. ವೇಷದವರು ಆರೂ ಜನ ಬೇಕು ಅಂತ ಹಟ ಹಿಡಿದಿದ್ದ. ಅದಕ್ಕೆ ಕಾರಣ ಇದೆ. ಈ ವರ್ಗದ 3 ಜನ ಸೇರಿದರೆ ರೂಪ ಬದಲಾದಾಗ ಒಟ್ಟು ಆರೋಗ್ಯ 60% ಹೆಚ್ಚುತ್ತಿತ್ತು. 6 ಜನ ಸೇರಿದರೆ 120%. 1000 ಆರೋಗ್ಯದವನು 2200 ಆಗುತ್ತಾನೆ. ಕಾಗದದ ಮೇಲೆ ಇದಕ್ಕಿಂತ ಚಂದ ಇನ್ನೇನಿದೆ?

ಆದರೆ ಆ ಸೀಸನ್‌ನಲ್ಲಿ ವೇಷದವರು ಇದ್ದದ್ದೇ ಆರು ಜನ. ಒಬ್ಬರೂ ತಪ್ಪುವಂತಿಲ್ಲ. ಅದರಲ್ಲಿ ನಾರ್‌ಗೆ 4 ಚಿನ್ನ, ಸ್ವೇನ್‌ಗೆ 5 ಚಿನ್ನ. 5 ಚಿನ್ನದವರು ಅಂಗಡಿಯಲ್ಲಿ ಕಾಣುವುದೇ ಅಪರೂಪ. ಇರುವ ವೀರರ ರಾಶಿಯನ್ನು ಎಂಟೂ ಜನ ಹಂಚಿಕೊಳ್ಳಬೇಕು. ಬೇರೆಯವರು ಸ್ವೇನ್‌ನನ್ನು ಕೊಂಡರೆ ನನಗೆ ಸಿಗುವ ಸಾಧ್ಯತೆ ಇನ್ನೂ ಕಡಿಮೆ. ಒಂದು ಸಲ ಅಂಗಡಿ ತಿರುಗಿಸಲು, ಅಂದರೆ ಅಲ್ಲಿರುವ ವೀರರನ್ನು ಬದಲಿಸಿ ಹೊಸಬರನ್ನು ತರಿಸಲು, 2 ಚಿನ್ನ. ಸ್ವೇನ್‌ಗಾಗಿ ತಿರುಗಿಸಿ ತಿರುಗಿಸಿ ಕೈ ಬರಿದು ಮಾಡಿಕೊಂಡವರನ್ನು ನಾನು ಎಷ್ಟೋ ನೋಡಿದ್ದೇನೆ. 50 ಚಿನ್ನ ಕೂಡಿಟ್ಟರೆ ಪ್ರತಿ ಸುತ್ತಿಗೆ 5 ಚಿನ್ನ ಬಡ್ಡಿ ಬರುತ್ತದೆ. ಆ ಬಡ್ಡಿಯನ್ನು ಕಳೆದುಕೊಂಡು ಆರನೆಯವನನ್ನು ಹುಡುಕುವುದು ನನ್ನ ಪ್ರಕಾರ ತಪ್ಪು. ಮೂವರು ಸಾಕು. ಉಳಿದ ಜಾಗ ಸಮಯ ಕೊಡಿಸುವವರಿಗೆ ಇರಲಿ.

ಯಾವ ಮೂವರು? ನಾನು ಹಿಡಿಯುತ್ತಿದ್ದದ್ದು ನಿಡಲೀ, ಶೈವಾನಾ, ನಾರ್. ನಿಡಲೀ ಕೈಗೆ ಬೇಗ ಸಿಗುತ್ತಾಳೆ. ರೂಪ ಬದಲಿಸುವಾಗ ತನ್ನ ಜೊತೆಗೆ ತಂಡದಲ್ಲಿ ಎಲ್ಲರಿಗಿಂತ ಸೊರಗಿದವನ ಗಾಯವನ್ನೂ ವಾಸಿ ಮಾಡುತ್ತಾಳೆ. ನಿಡಲೀ ಮತ್ತು ನಾರ್ ಇಬ್ಬರೂ ವೈಲ್ಡ್ ಗುಂಪಿಗೂ ಸೇರಿದವರು. ಆ ಗುಂಪಿಗೆ ಏಟು ಹೊಡೆದಷ್ಟೂ ಹೊಡೆಯುವ ವೇಗ ಹೆಚ್ಚುತ್ತಾ ಹೋಗುತ್ತದೆ. ವೇಗ ಹೆಚ್ಚಿದರೆ ಮನಾ ಬೇಗ ತುಂಬುತ್ತದೆ, ಅಲ್ವಾ? ವಾರ್ವಿಕ್ ಮತ್ತು ಆಹ್ರಿ ಸೇರಿದರೆ ವೈಲ್ಡ್ ನಾಲ್ವರಾಗುತ್ತಾರೆ. ಆಗ ಆ ವೇಗ ಇಡೀ ತಂಡಕ್ಕೆ ಸಿಗುತ್ತದೆ, ಶೈವಾನಾಗೂ. ವಾರ್ವಿಕ್ ಮುಂದೆ ನಿಂತು ಸಾರಥಿಯ ಕೆಲಸವನ್ನೂ ಮಾಡುತ್ತಾನೆ. 14 ಸೆಕೆಂಡಿನ ಲೆಕ್ಕ ಇಲ್ಲಿ ಚಿಕ್ಕದಾಗುತ್ತದೆ. ಈ ಹೊಂದಿಕೆ ನನಗೆ ತಾನಾಗಿ ಹೊಳೆದದ್ದಲ್ಲ. ಬಹಳ ಸೋತ ಮೇಲೆ ಸಿಕ್ಕಿದ್ದು.

ನಿಲ್ಲಿಸುವ ಜಾಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೇರೆ ವೀರರಿಗೆ ಒಂದೇ ಜಾಗ ಯೋಚಿಸಿದರೆ ಮುಗಿಯಿತು. ವೇಷದವರಿಗೆ ಎರಡು ಜಾಗ ಯೋಚಿಸಬೇಕು. ಬದಲಾಗುವ ಮುಂಚೆ ಎಲ್ಲಿ, ಬದಲಾದ ಮೇಲೆ ಎಲ್ಲಿ. ಶೈವಾನಾ ಮೊದಲು ಹತ್ತಿರ ಹೋಗಿ ಹೊಡೆಯುವವಳು. ಮನಾ ತುಂಬಿದ ಕೂಡಲೇ ಹಿಂದಕ್ಕೆ ಹಾರಿ ಡ್ರ್ಯಾಗನ್ ಆಗುತ್ತಾಳೆ, ಆಮೇಲೆ ದೂರದಿಂದ ಬೆಂಕಿ. ಅವಳ ಹಿಂದೆ ಜಾಗ ಖಾಲಿ ಇರಬೇಕು. ಗೋಡೆಗೆ ಒತ್ತಿ ಮೂಲೆಯಲ್ಲಿ ನಿಲ್ಲಿಸಿದರೆ ಹಾರಿ ಎಲ್ಲಿಗೆ ಹೋಗಬೇಕು? ಜೇಸ್ ಕೂಡ ಹಾಗೆಯೇ. ಪಕ್ಕದವನನ್ನು ಸುತ್ತಿಗೆಯಿಂದ ದೂರ ತಳ್ಳಿ, ಆಮೇಲೆ ದೂರದಿಂದ ಹೊಡೆಯುವವನಾಗುತ್ತಾನೆ. ನಾರ್ ಇದಕ್ಕೆ ಉಲ್ಟಾ. ಸಣ್ಣವನಾಗಿದ್ದಾಗ ದೂರದಿಂದ ಎಸೆಯುತ್ತಾನೆ. ದೊಡ್ಡವನಾದ ಮೇಲೆ ಎದುರಾಳಿಗಳ ಹಿಂದಕ್ಕೆ ನೆಗೆದು ಅವರನ್ನು ದಬ್ಬುತ್ತಾನೆ. ಅವನನ್ನು ಮುಂದೆ ನಿಲ್ಲಿಸುವುದು ಸುಮ್ನೆ ಆರೋಗ್ಯ ಕಳೆದುಕೊಂಡಂತೆ. ಎರಡನೇ ಸಾಲು ಅವನಿಗೆ ಸರಿ.

ನಾನು ಶೈವಾನಾಳನ್ನು ಮುಂದಿನ ಸಾಲಿನಲ್ಲಿ, ಆದರೆ ಪಕ್ಕಕ್ಕೆ ಇಡುತ್ತಿದ್ದೆ. ನಡುವೆ ವಾರ್ವಿಕ್. ನಡುವಿನವನ ಮೇಲೆ ಮೂರ್ನಾಲ್ಕು ಜನ ಬೀಳುತ್ತಾರೆ. ಪಕ್ಕದವಳಿಗೆ ಒಬ್ಬ, ಬಹಳ ಅಂದರೆ ಇಬ್ಬರು ಸಿಗುತ್ತಾರೆ. ಅಷ್ಟು ಏಟು ಅವಳ ಮನಾಕ್ಕೆ ಒಳ್ಳೆಯದು.

ಐಟಂ, ಅಂದರೆ ವೀರರಿಗೆ ತೊಡಿಸುವ ಆಯುಧ-ಸಾಮಾನಿನ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಅದನ್ನೇ ಎಲ್ಲರೂ ಮಾಡುವುದನ್ನು ನೋಡಿದ್ದೇನೆ. ಮನಾ ಬೇಕು ಅಂತ ಶೈವಾನಾಗೆ ಸ್ಪಿಯರ್ ಆಫ್ ಶೋಜಿನ್ ಕೊಟ್ಟಿದ್ದೆ. ಆಗ ಆ ಈಟಿ ಮನಾ ಕೊಡುತ್ತಿದ್ದದ್ದು ಒಮ್ಮೆ ಶಕ್ತಿ ಬಳಸಿದ ಮೇಲೆ. ಮತ್ತೆ ಮತ್ತೆ ಮಂತ್ರ ಹಾಕುವವರಿಗೆ ಅದು ಬಂಗಾರ. ಶೈವಾನಾ ಒಂದು ಸಲ ಡ್ರ್ಯಾಗನ್ ಆದರೆ ಮುಗಿಯಿತು, ಆಮೇಲಿನ ಮನಾ ಅವಳಿಗೆ ಬೇಕಿಲ್ಲ. ಅವಳಿಗೆ ಬೇಕಾದದ್ದು ಬದಲಾಗುವ ಮುಂಚಿನ ಮನಾ. ಹನಿ ಐಟಂ, ಅಂದರೆ ಟಿಯರ್ ಇದ್ದರೆ ಆಗ ಕಾಳಗದ ಶುರುವಿನಲ್ಲೇ ಕೊಂಚ ಮನಾ ತುಂಬಿರುತ್ತಿತ್ತು. ಇನ್ನೂ ಒಳ್ಳೆಯದು ಹೊಡೆಯುವ ವೇಗ ಕೊಡುವ ಗಿನ್ಸೂ ಕತ್ತಿ. ಮೊದಲ ರೂಪದಲ್ಲಿ ಮನಾ ತುಂಬಿಸುತ್ತದೆ, ಎರಡನೇ ರೂಪದಲ್ಲಿ ಬೆಂಕಿಯನ್ನು ಬೇಗ ಬೇಗ ಉಗುಳಿಸುತ್ತದೆ. ಎರಡೂ ರೂಪಕ್ಕೆ ಉಪಯೋಗ ಬರುವ ಐಟಂ ಯಾವುದು ಅಂತ ಕೇಳಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಈ ತಂಡಕ್ಕೆ ಹೆದರಿಕೆ ಯಾರದ್ದು? ಡೀಮನ್ ಗುಂಪಿನದ್ದು. ಅವರ ಏಟು ಎದುರಿನವರ ಮನಾ ಸುಡುತ್ತದೆ. ಅರ್ಧ ಹಚ್ಚಿದ ಬಣ್ಣವನ್ನು ಯಾರೋ ಬಂದು ಒರೆಸಿದಂತೆ. ಎಂಟು ಜನರಲ್ಲಿ ಇಬ್ಬರು ಡೀಮನ್ ಹಿಡಿದಿದ್ದಾರೆ ಅಂತ ಕಂಡರೆ ನಾನು ವೇಷದವರನ್ನು ಬಿಟ್ಟುಬಿಡುತ್ತಿದ್ದೆ. ಹಟ ಮಾಡುತ್ತಿರಲಿಲ್ಲ. ಎಲೀಸ್ ಮತ್ತು ಸ್ವೇನ್ ಇಬ್ಬರೂ ವೇಷದವರೂ ಹೌದು, ಡೀಮನ್‌ಗಳೂ ಹೌದು. ಅಲ್ಲಿಂದ ಡೀಮನ್ ಕಡೆಗೆ ದಾಟಲು ದಾರಿ ಇದ್ದೇ ಇತ್ತು.

"ಅದೆಲ್ಲ ಹಳೇ ಸೀಸನ್ ಕಥೆ, ಈಗ ಯಾಕೆ?" ಅಂತ ನೀವು ಕೇಳಬಹುದು. ಹೌದು, ಆ ಸೀಸನ್ 2019ರ ನವೆಂಬರ್‌ನಲ್ಲೇ ಮುಗಿಯಿತು. ಆದರೆ 2024ರಲ್ಲಿ ಮ್ಯಾಜಿಕ್ ಅಂಡ್ ಮೇಹೆಮ್ ಸೀಸನ್ ಬಂದಾಗ ಶೇಪ್‌ಶಿಫ್ಟರ್ ವರ್ಗವೂ ಮರಳಿ ಬಂತು. ಎಲೀಸ್, ಜೇಸ್, ಶೈವಾನಾ, ಸ್ವೇನ್ ಮತ್ತೆ ಬಂದರು. ಅವರ ಜೊತೆ ನೀಕೋ, ನೇಸಸ್, ಬ್ರಯರ್ ಕೂಡ ಇದ್ದರು. ಸಂಖ್ಯೆಗಳು, ಗುಂಪುಗಳು, ಶಕ್ತಿಗಳು ಎಲ್ಲ ಬದಲಾಗಿದ್ದವು. ತಮ್ಮನ ಪ್ರಶ್ನೆ ಮಾತ್ರ ಅದೇ ಆಗಿತ್ತು, ಆ ಸಲ ಫೋನ್ ಮಾಡಿ ಕೇಳಿದ.

ಅದು ಸೆಪ್ಟೆಂಬರ್ ರಾತ್ರಿ. ಕರೆಂಟ್ ಹೋಗಿತ್ತು. ಸೆಕೆ ತಾಳಲಾರದೆ ನಾನು ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದೆ. ಅವನು ತನ್ನ ಬೋರ್ಡ್‌ನ ಚಿತ್ರ ಕಳಿಸಿದ. ವೇಷದವರು ನಾಲ್ವರು, ನಾಲ್ವರೂ ಮುಂದಿನ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು.

"ನಿನ್ನ ಸಾರಥಿ ಎಲ್ಲಿ?" ಅಂದೆ.

"ಯಾವ ಸಾರಥಿ?"

ದೊಡ್ಡಪ್ಪನ ಮಾತು ಹೇಳಿದೆ. ಅವನಿಗೂ ಅವರು ದೊಡ್ಡಪ್ಪನೇ. ಆದರೆ ಅವರು ಬಣ್ಣ ಹಚ್ಚುವುದನ್ನು ಬಿಟ್ಟ ಮೇಲೆ ಹುಟ್ಟಿದವನು ಅವನು. ಬೆಂಚ್ ಮೇಲೆ ಯಾರಿದ್ದಾರೆ ನೋಡು, ಎಲ್ಲರಿಗಿಂತ ಗಟ್ಟಿ ಇರುವವನನ್ನು ನಡುವೆ ತಾ, ವೇಷದವರನ್ನು ಎರಡೂ ಪಕ್ಕಕ್ಕೆ ಸರಿಸು ಅಂದೆ. ಒಬ್ಬ ವೇಷದವನನ್ನು ತೆಗೆಯಬೇಕಾಗುತ್ತದೆ ಅಂದಾಗ ಅವನಿಗೆ ಮನಸ್ಸೇ ಬರಲಿಲ್ಲ. ಕೊನೆಗೆ ತೆಗೆದ.

ಫೋನ್ ಕಿವಿಯಲ್ಲೇ ಇತ್ತು. ಕಾಳಗ ಶುರುವಾಯಿತು ಅಂದ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ನಾನು ಮನಸ್ಸಿನಲ್ಲೇ ಸೆಕೆಂಡ್ ಎಣಿಸುತ್ತಿದ್ದೆ. ಒಂಬತ್ತಕ್ಕೆ ಬಂದಿದ್ದೆ.

"ಅಣ್ಣಾ, ಶೈವಾನಾ ಹಾರಿದ್ಳು!"