ಎನ್‌ಎಸ್‌ಲುಕಪ್ ಕೇಳಿದ ಹೆಸರು ಯಾವುದು?

"ಸರ್, ನಮ್ಮ ಡಿಎನ್‌ಎಸ್‌ ಯಾರೋ ಹ್ಯಾಕ್ ಮಾಡಿದ್ದಾರೆ ಅನ್ಸುತ್ತೆ."

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗ. ಮುಖ ಬಿಳಿಚಿಕೊಂಡಿತ್ತು. ಅವನ ಸ್ಕ್ರೀನ್ ನೋಡಿದೆ. ಡಿಎನ್‌ಎಸ್‌ ಅಂದರೆ ಸೈಟ್‌ನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ವ್ಯವಸ್ಥೆ; ಅದನ್ನು ಕೇಳಿ ನೋಡುವ ಕಮಾಂಡ್ ಎನ್‌ಎಸ್‌ಲುಕಪ್. ಅದರಲ್ಲಿ ವಿಕಿಪೀಡಿಯ ಡಾಟ್ ಆರ್ಗ್ ಅಂತ ಕೇಳಿದ್ದ. ಉತ್ತರ 192.168.1.40. ಅದು ನಮ್ಮದೇ ಡೆಮೊ ಸರ್ವರ್! ಗೂಗಲ್ ಕೇಳಿದರೂ ಅದೇ. ಸುಮ್ನೆ ಬಾಯಿಗೆ ಬಂದ ಅಕ್ಷರ ಸೇರಿಸಿ, ಕೊನೆಗೆ ಡಾಟ್ ಕಾಮ್ ಹಾಕಿದರೂ ಅದೇ. ಮೇಲೆ ನೋಡಿದರೆ 'ಸರ್ವರ್: ಅನ್‌ನೋನ್' ಅಂತ ಬೇರೆ ಇತ್ತು. ಅವನು ಹೆದರಿದ್ದರಲ್ಲಿ ತಪ್ಪೇನಿಲ್ಲ.

ಆದರೆ ಬ್ರೌಸರ್‌ನಲ್ಲಿ ವಿಕಿಪೀಡಿಯ ಸರಿಯಾಗಿಯೇ ತೆರೆಯುತ್ತಿತ್ತು. ಸಂಪರ್ಕ ಇದೆಯಾ ಅಂತ ನೋಡುವ ಪಿಂಗ್ ಕಮಾಂಡ್ ಕೊಟ್ಟರೂ ಸರಿಯಾದ ವಿಳಾಸವೇ ಬರುತ್ತಿತ್ತು. ಡಿಎನ್‌ಎಸ್‌ ನಿಜವಾಗಿ ಕೆಟ್ಟಿದ್ದರೆ ಅವೂ ಕೆಡಬೇಕಿತ್ತು, ಅಲ್ವಾ?

ಆ 'ಅನ್‌ನೋನ್' ವಿಷಯ ಮೊದಲು ಮುಗಿಸಿಬಿಡ್ತೀನಿ. ಎನ್‌ಎಸ್‌ಲುಕಪ್ ಶುರುವಾದ ಕೂಡಲೇ, ತಾನು ಕೇಳಲಿರುವ ಡಿಎನ್‌ಎಸ್‌ ಸರ್ವರ್‌ನ ಐಪಿ ಹಿಡಿದು ಅದರ ಹೆಸರು ಹುಡುಕುತ್ತದೆ. ನಾವು ಆ ಐಪಿಗೆ ರಿವರ್ಸ್ ರೆಕಾರ್ಡ್, ಅಂದರೆ ಪಿಟಿಆರ್, ಹಾಕಿರಲಿಲ್ಲ. ಅದಕ್ಕೇ 'ಅನ್‌ನೋನ್'. ಅಷ್ಟೇ.

ನನಗೆ ಅನುಮಾನ ಹುಟ್ಟಿಸಿದ್ದು ಅಲ್ಲಿ ಇಲ್ಲದ ಒಂದು ಸಾಲು. ಹೊರಗಿನ ಹೆಸರು ಕೇಳಿದಾಗ ಸಾಮಾನ್ಯವಾಗಿ 'ನಾನ್ ಅಥಾರಿಟೇಟಿವ್ ಆನ್ಸರ್' ಅಂತ ಬರುತ್ತದೆ. "ಈ ಹೆಸರಿನ ಮೂಲ ದಾಖಲೆ ನನ್ನ ಹತ್ತಿರ ಇಲ್ಲ, ಬೇರೆ ಕಡೆಯಿಂದ ತಿಳಿದು ಹೇಳುತ್ತಿದ್ದೇನೆ" ಅಂತ ಅದರ ಅರ್ಥ. ತುಂಬಾ ಜನ ಅದನ್ನು ಎರರ್ ಅಂದುಕೊಳ್ತಾರೆ, ಎರರ್ ಅಲ್ಲ. ಇಲ್ಲಿ ಆ ಸಾಲೇ ಇರಲಿಲ್ಲ. ವಿಕಿಪೀಡಿಯದ ಹೆಸರಿಗೆ ನಮ್ಮ ಆಫೀಸಿನ ಸರ್ವರ್ ಮಾಲೀಕನ ಹಾಗೆ ಉತ್ತರ ಕೊಡೋದು ಹೇಗೆ?

ಉತ್ತರದ ಕೆಳಗೆ 'ನೇಮ್' ಅನ್ನುವ ಸಾಲು ಇತ್ತು. ಅವನೂ ಓದಿರಲಿಲ್ಲ, ನಾನೂ ಅಲ್ಲಿವರೆಗೆ ಸರಿಯಾಗಿ ನೋಡಿರಲಿಲ್ಲ. ವಿಕಿಪೀಡಿಯ ಡಾಟ್ ಆರ್ಗ್ ಆದ ಮೇಲೆ ಇನ್ನೊಂದು ಡಾಟ್, ಅದರ ಮುಂದೆ ನಮ್ಮ ಕಂಪನಿಯ ಡೊಮೇನ್. ಎಲ್ಲ ಸೇರಿ ಒಂದೇ ಉದ್ದ ಹೆಸರು! ಉತ್ತರ ಬಂದಿದ್ದು ಆ ಉದ್ದ ಹೆಸರಿಗೆ.

ಆಫೀಸಿನ ಕಂಪ್ಯೂಟರ್‌ಗಳಲ್ಲಿ ಡಿಎನ್‌ಎಸ್‌ ಸಫಿಕ್ಸ್ ಅಂತ ಇರುತ್ತದೆ. 'ಪ್ರಿಂಟರ್' ಅಂತಷ್ಟೇ ಹೊಡೆದರೂ ಅದರ ಮುಂದೆ ಕಂಪನಿಯ ಡೊಮೇನ್ ಸೇರಿಸಿ ಹುಡುಕಲಿ ಅಂತ ಈ ಅನುಕೂಲ. ಬ್ರೌಸರ್ ಮತ್ತು ಪಿಂಗ್ ಬಳಸುವುದು ವಿಂಡೋಸ್‌ನ ರಿಸಾಲ್ವರ್, ಅಂದರೆ ಹೆಸರಿಗೆ ವಿಳಾಸ ಹುಡುಕಿಕೊಡುವ ಅದರ ಭಾಗ. ಹೆಸರಿನ ನಡುವೆ ಡಾಟ್ ಇದ್ದರೆ ಅದು ಮೊದಲು ಇದ್ದ ಹಾಗೇ ಕೇಳುತ್ತದೆ. ವಿಂಡೋಸ್‌ನ ಎನ್‌ಎಸ್‌ಲುಕಪ್ ಆ ದಾರಿಗೆ ಹೋಗುವುದಿಲ್ಲ. ತಾನೇ ನೇರವಾಗಿ ಸರ್ವರ್‌ಗೆ ಕೇಳುತ್ತದೆ, ಅದೂ ಮೊದಲು ಸಫಿಕ್ಸ್ ಸೇರಿಸಿ. ಸಾಮಾನ್ಯವಾಗಿ ಅಂಥ ಹೆಸರು ಇರುವುದಿಲ್ಲ, ಇಲ್ಲ ಅಂತ ಉತ್ತರ ಬರುತ್ತದೆ, ಆಮೇಲೆ ಬರೀ ಹೆಸರು ಕೇಳುತ್ತದೆ. ಹಾಗಾಗಿ ಈ ಆಟ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ.

ನಮ್ಮಲ್ಲಿ ಬಿತ್ತು, ಕಾರಣ ನಾನೇ ಹಾಕಿದ್ದ ಒಂದು ನಕ್ಷತ್ರ. ಗ್ರಾಹಕರಿಗೆ ತೋರಿಸೋ ಡೆಮೊ ಸೈಟ್‌ಗಳಿಗೆ ಪ್ರತಿ ಸಲ ಹೊಸ ರೆಕಾರ್ಡ್ ಮಾಡೋದು ಬೇಡ ಅಂತ, ಒಳಗಿನ ಡಿಎನ್‌ಎಸ್‌ನಲ್ಲಿ ಕಂಪನಿ ಡೊಮೇನ್‌ಗೆ ವೈಲ್ಡ್‌ಕಾರ್ಡ್ ಹಾಕಿದ್ದೆ. ಹೆಸರಿನ ಜಾಗದಲ್ಲಿ ಒಂದು ನಕ್ಷತ್ರ (*): ಬೇರೆ ರೆಕಾರ್ಡ್ ಇಲ್ಲದ ಯಾವ ಹೆಸರು ಕೇಳಿದರೂ ಡೆಮೊ ಸರ್ವರ್‌ನ ವಿಳಾಸವೇ ಉತ್ತರ. ಸೈಟ್ ಅಸಲಿ ಅಂತ ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ನ ನಕ್ಷತ್ರ ಒಂದೇ ಹಂತದ ಹೆಸರಿಗೆ ಸಲ್ಲುತ್ತದೆ. ಡಿಎನ್‌ಎಸ್‌ನದು ಹಾಗಲ್ಲ, ಹಿಂದೆ ಎಷ್ಟು ಡಾಟ್ ಇದ್ದರೂ ಹಿಡಿದುಕೊಳ್ಳುತ್ತದೆ. ವಿಕಿಪೀಡಿಯವೂ ಸಿಕ್ಕಿಬಿತ್ತು, ಗೂಗಲ್ಲೂ ಸಿಕ್ಕಿಬಿತ್ತು.

"ಕೊನೆಯಲ್ಲಿ ಒಂದು ಡಾಟ್ ಹಾಕಿ ಕೇಳು" ಅಂದೆ. ಆರ್ಗ್ ಆದ ಮೇಲೆ ಇನ್ನೊಂದು ಚುಕ್ಕೆ. ಹಾಕಿದ. ಸರಿಯಾದ ವಿಳಾಸ ಬಂತು. ಹೆಸರು ಇಲ್ಲಿಗೆ ಮುಗಿಯಿತು, ಇನ್ನೇನೂ ಸೇರಿಸಬೇಡ ಅಂತ ಆ ಚುಕ್ಕೆಯ ಅರ್ಥ. ಡಿಎನ್‌ಎಸ್‌ ರೂಪಿಸಿದ ಪಾಲ್ ಮೊಕಪೆಟ್ರಿಸ್ 1987ರಲ್ಲಿ ಬರೆದ ಅದರ ನಿಯಮಗಳ ದಾಖಲೆ, ಆರ್‌ಎಫ್‌ಸಿ 1034ರಲ್ಲೇ ಇದು ಇದೆ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಇರುವ ಡಿಗ್ ಕಮಾಂಡ್ ಬಳಸುವವರಿಗೆ ಈ ತೊಂದರೆ ಕಡಿಮೆ. ನಾವಾಗಿ ಹೇಳದೆ ಅದು ಸಫಿಕ್ಸ್ ಸೇರಿಸುವುದಿಲ್ಲ.

ಆ ವೈಲ್ಡ್‌ಕಾರ್ಡನ್ನು ಡೆಮೊ ಅನ್ನುವ ಸಬ್‌ಡೊಮೇನ್ ಕೆಳಗೆ ಸರಿಸಿದೆ. ಪಿಟಿಆರ್ ಕೂಡ ಹಾಕಿದೆ.

ಸ್ವಲ್ಪ ದಿನದಲ್ಲೇ ಇನ್ನೊಂದು ಬಂತು. ಒಬ್ಬ ಗ್ರಾಹಕರ ಡೊಮೇನ್‌ಗೆ ಹೊಸ ಸಬ್‌ಡೊಮೇನ್ ಬೇಕಿತ್ತು. ಸರಿಯಾಗಿ 4 ಗಂಟೆಗೆ ರೆಕಾರ್ಡ್ ಹಾಕಿದೆ. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್‌ ಸರ್ವರ್ 8.8.8.8 ಅನ್ನು ಕೇಳಿದರೆ ಐಪಿ ಬರುತ್ತಿದೆ. ಅವರು ಫೋನಲ್ಲಿ, "ನಿಮ್ಮ ಕಡೆ ಬರುತ್ತೆ, ನಮ್ಮ ಕಡೆ ಇಲ್ಲ ಅಂತಿದೆ ನೋಡಿ ಸರ್" ಅಂತ ಬೇಸರ ಮಾಡಿಕೊಂಡರು. 4:13ಕ್ಕೆ ಅವರ ಕಂಪ್ಯೂಟರ್‌ಗೆ ರಿಮೋಟ್‌ನಲ್ಲಿ ಹೋದೆ. ಎನ್‌ಎಸ್‌ಲುಕಪ್‌ನಲ್ಲಿ ಉತ್ತರದ ಪೂರ್ತಿ ವಿವರ ತೋರಿಸುವ ಡೀಬಗ್ ಆನ್ ಮಾಡಿ, ಕೊನೆಯ ಡಾಟ್ ಮರೆಯದೆ ಹಾಕಿ ಕೇಳಿದೆ. 'ಹೆಸರು ಇಲ್ಲ' ಅನ್ನುವ ಉತ್ತರದ ಜೊತೆ ಎಸ್‌ಒಎ, ಅಂದರೆ ಆ ಡೊಮೇನ್‌ನ ಮೂಲ ವಿವರಗಳ ರೆಕಾರ್ಡ್, ಬಂತು. ಅದರ ಟಿಟಿಎಲ್, ಅಂದರೆ ಆ ಉತ್ತರ ಇನ್ನೆಷ್ಟು ಸೆಕೆಂಡ್ ಉಳಿಯುತ್ತದೆ ಅನ್ನುವ ಲೆಕ್ಕ, 2220. ಅರ್ಧ ನಿಮಿಷ ಬಿಟ್ಟು ಕೇಳಿದೆ, 2190. ಗಡಿಯಾರದ ಹಾಗೆ ಇಳಿಯುತ್ತಿತ್ತು.

"ನಾನು ಹೇಳೋ ಮೊದಲೇ ಒಂದ್ಸಲ ಟ್ರೈ ಮಾಡಿದ್ರಾ ಸರ್?"

"ಹೌದು, ಮೂರೂ ಐವತ್ತಕ್ಕೆ ನೋಡಿದ್ದೆ."

'ಇಲ್ಲ' ಅನ್ನುವ ಉತ್ತರವೂ ಕ್ಯಾಶ್‌ನಲ್ಲಿ, ಅಂದರೆ ಸರ್ವರ್‌ನ ತಾತ್ಕಾಲಿಕ ನೆನಪಿನಲ್ಲಿ, ಉಳಿಯುತ್ತದೆ. ಎಷ್ಟು ಹೊತ್ತು ಅನ್ನೋದು ಆ ಡೊಮೇನ್‌ನ ಎಸ್‌ಒಎ ಮೇಲೆ ನಿಂತಿದೆ. ಅವರದರಲ್ಲಿ 3600 ಸೆಕೆಂಡ್, ಅಂದರೆ ಒಂದು ಗಂಟೆ. ರೆಕಾರ್ಡ್ ಹುಟ್ಟುವ ಹತ್ತು ನಿಮಿಷ ಮುಂಚೆ ಕೇಳಿದ್ದರು, ಅವರ ಇಂಟರ್ನೆಟ್ ಕಂಪನಿಯ ಸರ್ವರ್ ಆ 'ಇಲ್ಲ'ವನ್ನು ಜೋಪಾನವಾಗಿ ಇಟ್ಟುಕೊಂಡಿತ್ತು. ಮತ್ತೆ ಮತ್ತೆ ಕೇಳಿದರೆ ಆ ಗಂಟೆ ಉದ್ದ ಆಗಲ್ಲ, ಗಿಡ್ಡವೂ ಆಗಲ್ಲ.

ಈಗ ರೆಕಾರ್ಡ್ ಹಾಕಿ, ಆ ಡೊಮೇನ್‌ನ ಮೂಲ ಸರ್ವರ್‌ಗೇ ನೇರವಾಗಿ ಕೇಳಿ ಖಚಿತ ಮಾಡಿಕೊಂಡ ಮೇಲೇ ಗ್ರಾಹಕರಿಗೆ ಹೆಸರು ಕೊಡ್ತೀನಿ. ಅವತ್ತು ಅವರಿಗೆ "4:50ರ ತನಕ ತಾಳಿ ಸರ್" ಅಂದಿದ್ದೆ. 4:52ಕ್ಕೆ ಫೋನ್ ಬಂತು, ಪೇಜ್ ತೆರೆದಿತ್ತು.